ಕಲ್ಲಚ್ಚಿನ ಶಕುಂತಲೆ: ರವಿವರ್ಮನ ಅಚ್ಚುಚಿತ್ರಗಳ ಪ್ರದರ್ಶನವನ್ನು ಕುರಿತು

ಕಾವ್ಯವನ್ನು ಓದಿದ ಮೇಲೆ ಅದರ ಚಿತ್ರವನ್ನು ನೋಡುವವರದು ಒಂದು ಬಗೆ; ಚಿತ್ರವನ್ನು ಮೊದಲು ನೋಡಿ ಆ ಬಳಿಕ ಕಾವ್ಯಕ್ಕೆ ಬರುವವರದು ಇನ್ನೊಂದು ಬಗೆ. ಮೊದಲಿನವರು ತಮ್ಮ ಮನಸ್ಸಿನಲ್ಲಿ ಆಗಲೇ ಮೂಡಿರುವ ರೂಪದೊಡನೆ ಚಿತ್ರವನ್ನು ಹೋಲಿಸುತ್ತಾರೆ; ಒಪ್ಪುತ್ತಾರೆ, ಇಲ್ಲವೆ ಅದರೊಡನೆ ವಾದಕ್ಕೆ ನಿಲ್ಲುತ್ತಾರೆ. ಎರಡನೆಯವರಿಗೆ ಹೋಲಿಸಲು ಬೇರೊಂದು ರೂಪವೇ ಇರುವುದಿಲ್ಲ. ರಾಜಾ ರವಿವರ್ಮನ ಅಚ್ಚುಚಿತ್ರಗಳ ಮಟ್ಟಿಗೆ ನಮ್ಮಲ್ಲಿ ಹೆಚ್ಚಿನವರು ತಲೆಮಾರುಗಳಿಂದ ಈ ಎರಡನೆಯ ವರ್ಗಕ್ಕೆ ಸೇರಿದವರು. ಶಕುಂತಲೆಯನ್ನು ನಾವು ಕಾಳಿದಾಸನಿಂದ ಅರಿಯುವ ಮೊದಲು ಚಾವಡಿಯ ಗೋಡೆಯಿಂದ ಅರಿತೆವು. ದಮಯಂತಿಯ ಸೀರೆಯ ಬಣ್ಣವು ಅವಳ ಕಥೆಗಿಂತ ಮುಂಚೆಯೇ ನಮಗೆ ಪರಿಚಿತವಾಗಿತ್ತು. ಇದು ಲಾಭವೋ ನಷ್ಟವೋ ಎಂಬ ಪ್ರಶ್ನೆಯು ಸಾಹಿತ್ಯವನ್ನು ಕಲಿಸುವವರಿಗೂ ಕಲಿಯುವವರಿಗೂ ಸಣ್ಣದಲ್ಲ.

ಈಚೆಗೆ ನಮ್ಮ ಸಂಘದ ಆಶ್ರಯದಲ್ಲಿ, ಕಾಸರಗೋಡಿನ ಈ ಕಡೆಯ ಶಾಲೆಯೊಂದರ ಸಭಾಭವನದಲ್ಲಿ ಏರ್ಪಟ್ಟಿದ್ದ ಪ್ರದರ್ಶನವು ಈ ಪ್ರಶ್ನೆಯನ್ನು ವಿವೇಚಿಸಲು ಒಳ್ಳೆಯ ನಿಮಿತ್ತವಾಯಿತು. ಸುತ್ತಲಿನ ಮನೆಗಳಿಂದ ಎರವಲಾಗಿ ತಂದ ಮೂವತ್ತರಷ್ಟು ಚಿತ್ರಗಳು ಅಲ್ಲಿದ್ದುವು. ಕೆಲವು ಮಾಸಿದ್ದುವು, ಕೆಲವುಗಳ ಅಂಚನ್ನು ಗೆದ್ದಲು ತಿಂದಿತ್ತು, ಒಂದೆರಡು ಚಿತ್ರಗಳಲ್ಲಿ ನಾಯಿಕೆಯ ಸೀರೆಯ ಮೇಲೆ ಹಿಂದಿನ ಕಾಲದ ಗೃಹಿಣಿಯರು ಜರಿಯನ್ನೂ ಚಮಕಿಯನ್ನೂ ಹೊಲಿದಿದ್ದರು. ಲಕ್ಷ್ಮೀ ಸರಸ್ವತಿಯರ ಪೂಜಾಚಿತ್ರಗಳನ್ನು ಬದಿಗಿರಿಸಿ, ಕಾವ್ಯ ನಾಟಕಗಳಿಂದ ಆಯ್ದ ಸನ್ನಿವೇಶಗಳನ್ನು ಮಾತ್ರ ತೂಗಹಾಕಿದ್ದು ಏರ್ಪಾಡು ಮಾಡಿದವರ ವಿವೇಕವನ್ನು ತೋರಿಸುತ್ತದೆ. ಪೂಜೆಗೆ ಇಟ್ಟ ಚಿತ್ರವನ್ನು ಯಾರೂ ವಿಮರ್ಶಿಸುವುದಿಲ್ಲ, ವಿಮರ್ಶಿಸಬೇಕಾಗಿಯೂ ಇಲ್ಲ. ಕಾವ್ಯದ ಚಿತ್ರವಾದರೋ ಕಾವ್ಯದ ಮುಂದೆ ನಿಂತು ಉತ್ತರ ಕೊಡಬೇಕಾದುದು.

ಚಿತ್ರಕಾರನ ವಿಚಾರವಾಗಿ ಎರಡು ಮಾತು ಅವಶ್ಯ. ರವಿವರ್ಮನು 1848ರಲ್ಲಿ ತಿರುವಾಂಕೂರು ಸೀಮೆಯ ಕಿಳಿಮಾನೂರಿನಲ್ಲಿ ಹುಟ್ಟಿ 1906ರಲ್ಲಿ ತೀರಿಕೊಂಡನು. ಐರೋಪ್ಯರ ತೈಲವರ್ಣದ ಪದ್ಧತಿಯನ್ನು ಕರಗತಮಾಡಿಕೊಂಡು ಅದನ್ನು ಪುರಾಣ ಕಾವ್ಯಗಳ ಕಥೆಗೆ ಒಗ್ಗಿಸಿದನು. ಬರೋಡೆಯ ಸಯಾಜಿರಾವ್ ಗಾಯಕವಾಡರಿಗಾಗಿ ಬರೆದ 14 ಪೌರಾಣಿಕ ಚಿತ್ರಗಳು ಅವನ ಕೀರ್ತಿಯನ್ನು ದೇಶದಲ್ಲೆಲ್ಲ ಹರಡಿದುವು. ಬಾಳಿನ ಕೊನೆಯ ವರ್ಷಗಳಲ್ಲಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿಯೂ ಪುರಾಣಚಿತ್ರಗಳನ್ನು ರಚಿಸಿದನು. ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಿಬಂದವರು ಅವನ ಕುಂಚದ ಕೆಲಸವನ್ನು ಕಣ್ಣಾರೆ ಕಂಡಿದ್ದಾರೆ. ಆದರೆ ಅರಮನೆಯ ಗೋಡೆ ಎಲ್ಲರ ಗೋಡೆಯಲ್ಲ. 1894ರಲ್ಲಿ ಅವನು ತನ್ನ ತಮ್ಮ ರಾಜರಾಜವರ್ಮನೊಡಗೂಡಿ ಮುಂಬಯಿಯಲ್ಲಿ ಸ್ವಂತ ಮುದ್ರಣಾಲಯವನ್ನು ತೆರೆದನು. ಅಲ್ಲಿಂದ ಮೊದಲು ಹೊರಬಿದ್ದ ಚಿತ್ರವು ‘ಶಕುಂತಲಾ ಜನ್ಮ’. 1899ರಲ್ಲಿ ಮುದ್ರಣಾಲಯವು ಲೋಣಾವಳೆಯ ಬಳಿಯ ಮಳವಲಿಗೆ ಸಾಗಿತು. ವ್ಯವಹಾರವು ಕೈಗೆ ಹತ್ತದೆ, ಕೆಲವೇ ವರ್ಷಗಳಲ್ಲಿ ಅದನ್ನು ಫ್ರಿಟ್ಸ್ ಶ್ಲೈಖರ್ ಎಂಬ ಜರ್ಮನ್ ತಂತ್ರಜ್ಞನಿಗೆ ಮಾರಬೇಕಾಯಿತು. ಚಿತ್ರಕಾರನು ಕಾಲವಾದ ಮೇಲೂ ಅವನ ಹೆಸರಿನ ಚಿತ್ರಗಳು ಅಚ್ಚಾಗುತ್ತಲೇ ಇದ್ದುವು. 1972ರಲ್ಲಿ ಬೆಂಕಿ ಬಿದ್ದು ಆ ಕಾರ್ಖಾನೆಯು ನಾಶವಾಯಿತು.

ಈ ಚಿತ್ರಗಳು ತಯಾರಾಗುತ್ತಿದ್ದ ವಿಧಾನವನ್ನು ಅರಿಯದೆ ಅವುಗಳ ಗುಣದೋಷವನ್ನು ಹೇಳುವುದು ನ್ಯಾಯವಲ್ಲ. ಕಲ್ಲಚ್ಚು ನಮ್ಮ ಕಡೆಯವರಿಗೆ ಹೊಸ ಮಾತಲ್ಲ. 1843ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದು ಕಲ್ಲಚ್ಚಿನಲ್ಲಿಯೇ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲನ್ನು ನೀರಿನಿಂದ ಒದ್ದೆಮಾಡಿ, ಶಾಯಿಯನ್ನು ಸವರಿದರೆ ಜಿಡ್ಡಿದ್ದಲ್ಲಿ ಮಾತ್ರ ಶಾಯಿ ಹತ್ತುತ್ತದೆ, ನೀರಿದ್ದಲ್ಲಿ ಹತ್ತುವುದಿಲ್ಲ. ಬಣ್ಣದ ಚಿತ್ರಕ್ಕಾದರೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಎಡವು ಬಲವಾಗಿ ಬಲವು ಎಡವಾಗಿ ಕಲ್ಲಿನ ಮೇಲೆ ಬರೆಯಬೇಕು. ಒಂದೇ ಹಾಳೆಯನ್ನು ಕಲ್ಲಿನಿಂದ ಕಲ್ಲಿಗೆ ಕೂದಲೆಳೆಯಷ್ಟೂ ಜರುಗದಂತೆ ಒತ್ತಿ ತೆಗೆದು, ಕಟ್ಟಕಡೆಗೆ ಮೆರುಗೆಣ್ಣೆ ಬಳಿದರೆ ತೈಲಚಿತ್ರದ ಹೊಳಪು ಬರುತ್ತದೆ. ಕಲ್ಲಿನ ಮೇಲೆ ಹೀಗೆ ಬರೆದವನು ರವಿವರ್ಮನಲ್ಲ, ಮುದ್ರಣಾಲಯದ ಕುಶಲಿಗಳು. ಆದ್ದರಿಂದ ನಮ್ಮ ಗೋಡೆಯ ಮೇಲಿರುವುದು ಕಾಳಿದಾಸನನ್ನು ಓದಿದ ಚಿತ್ರಕಾರನನ್ನು ಓದಿದ ಇನ್ನೊಬ್ಬನ ಕೈಕೆಲಸ. ಪ್ರದರ್ಶನದಲ್ಲಿದ್ದ ಒಂದು ಪ್ರತಿಯಲ್ಲಿ ತುಟಿಯ ಕೆಂಪು ತುಟಿಯ ರೇಖೆಯಿಂದ ತುಸು ಆಚೆಗೆ ಸರಿದಿತ್ತು. ಅಷ್ಟರಿಂದಲೇ ನಗುವಿನ ಅರ್ಥ ಬದಲಾಗಿತ್ತು. ತೈಲಚಿತ್ರದಲ್ಲಿ ಮುಖಮುಖಕ್ಕೆ ಇದ್ದ ಸೂಕ್ಷ್ಮ ಭೇದವು ಅಚ್ಚಿನಲ್ಲಿ ಅಳಿದು, ದಮಯಂತಿಯೂ ಶಕುಂತಲೆಯೂ ಅಕ್ಕತಂಗಿಯರಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ಇನ್ನು ಚಿತ್ರಗಳಿಗೆ ಬರೋಣ. ‘ಶಕುಂತಲಾ ಜನ್ಮ’ವನ್ನು ಮೊದಲು ತೆಗೆದುಕೊಳ್ಳುತ್ತೇವೆ. ಮೇನಕೆಯು ಎಳೆಗೂಸನ್ನು ಮುಂದೊಡ್ಡಿದ್ದಾಳೆ; ವಿಶ್ವಾಮಿತ್ರನು ಕೈಯೆತ್ತಿ, ಬೇಡವೆಂದು ಮುಖವನ್ನು ಅತ್ತ ತಿರುಗಿಸಿದ್ದಾನೆ. ನೋಡಿದವರಲ್ಲಿ ಅನೇಕರು ಇದು ಭಾರತದಲ್ಲಿ ಇರುವ ಸನ್ನಿವೇಶವೆಂದೇ ನಂಬಿದ್ದರು. ವ್ಯಾಸಭಾರತದ ಆದಿಪರ್ವದಲ್ಲಿ ಹಾಗಿಲ್ಲ. ಅಲ್ಲಿ ಮೇನಕೆಯು ಮಗುವನ್ನು ಮಾಲಿನೀ ನದಿಯ ದಡದಲ್ಲಿ ಬಿಟ್ಟು ಇಂದ್ರಸಭೆಗೆ ಹೊರಟುಹೋಗುತ್ತಾಳೆ. ಶಕುಂತಪಕ್ಷಿಗಳು ಕಾಡಿನ ಮೃಗಗಳಿಂದ ಶಿಶುವನ್ನು ಕಾಯುತ್ತವೆ. ಕಣ್ವನು ಕಂಡು ಎತ್ತಿಕೊಂಡು ಆ ಹೆಸರನ್ನಿಡುತ್ತಾನೆ. ಮಗುವನ್ನು ತಂದೆಗೆ ಒಪ್ಪಿಸಲು ಹೋದ ತಾಯಿಯೂ ಇಲ್ಲ, ಕೈಯೆತ್ತಿದ ತಂದೆಯೂ ಇಲ್ಲ. ಶಾಕುಂತಲದ ಮೊದಲ ಅಂಕದಲ್ಲಿ ಅನಸೂಯೆಯು ಈ ಜನ್ಮಕಥೆಯನ್ನು ದುಷ್ಯಂತನಿಗೆ ಹೇಳುತ್ತ ನಾಚಿ ಅರ್ಧಕ್ಕೇ ನಿಲ್ಲಿಸುತ್ತಾಳೆ. ಹಾಗಾದರೆ ಚಿತ್ರಕಾರನು ಇಲ್ಲದ್ದನ್ನು ಕಟ್ಟಿದನೆಂದು ದೂಷಿಸೋಣವೇ?

ನಮ್ಮ ಅಭಿಪ್ರಾಯದಲ್ಲಿ ದೂಷಿಸಬೇಕಾಗಿಲ್ಲ. ಶಕುಂತಲೆಯ ಬಾಳಿನ ಅತ್ಯಂತ ಕಠಿನವಾದ ಗಳಿಗೆ ಐದನೆಯ ಅಂಕದಲ್ಲಿದೆ. ತುಂಬಿದ ಗರ್ಭಿಣಿಯಾಗಿ ಅವಳು ರಾಜಸಭೆಗೆ ಬಂದಾಗ, ಶಾಪದಿಂದ ಮರೆವಿಗೊಳಗಾದ ಪತಿಯು ಅವಳನ್ನು ತಾನು ಅರಿಯೆನೆನ್ನುತ್ತಾನೆ. ಹುಟ್ಟಿದ ದಿನವೇ ತಂದೆ ಎತ್ತಿದ ಕೈಯಲ್ಲಿ ರವಿವರ್ಮನು ಆ ನಿರಾಕರಣೆಯ ಮೊದಲ ರೂಪವನ್ನು ಕಂಡಿದ್ದಾನೆ. ತಂದೆಯಿಂದಲೂ ಪತಿಯಿಂದಲೂ ಬೇಡವೆನಿಸಿಕೊಂಡವಳ ಕಥೆ ಇದು ಎಂಬುದನ್ನು ಒಂದೇ ಅಂಗಚಲನದಲ್ಲಿ ಹೇಳಿರುವುದು ಕಾವ್ಯದ ಅಕ್ಷರಕ್ಕೆ ಹೊರಗಾದರೂ ಅದರ ಹೃದಯಕ್ಕೆ ಹೊರಗಲ್ಲ. ಕವಿಗೆ ಮೂಲಕಥೆಯನ್ನು ಮಾರ್ಪಡಿಸುವ ಹಕ್ಕಿದೆ. ಉಂಗುರವೂ ದೂರ್ವಾಸನ ಶಾಪವೂ ವ್ಯಾಸಭಾರತದ ಶಕುಂತಲೋಪಾಖ್ಯಾನದಲ್ಲಿಲ್ಲ. ಕಾಳಿದಾಸನಿಗೆ ಕೊಟ್ಟ ಸ್ವಾತಂತ್ರ್ಯವನ್ನು ಚಿತ್ರಕಾರನಿಗೆ ಕೊಡಲಾರೆವೆಂದರೆ ಅದು ಪಕ್ಷಪಾತವಾದೀತು.

ಎರಡನೆಯದು, ಶಕುಂತಲೆಯು ಕಾಲಿಗೆ ಚುಚ್ಚಿದ ಮುಳ್ಳನ್ನು ತೆಗೆಯುವ ನೆವದಿಂದ ಹಿಂದಿರುಗಿ ನೋಡುವ ಪ್ರಸಿದ್ಧ ಚಿತ್ರ. ಒಂದು ಕೈಯನ್ನು ಸಖಿಯ ಹೆಗಲ ಮೇಲಿಟ್ಟು, ಒಂದು ಕಾಲನ್ನೆತ್ತಿ, ಕೊರಳನ್ನು ಹಿಂದಕ್ಕೆ ಹೊರಳಿಸಿದ್ದಾಳೆ. ಇದು ಮೊದಲ ಅಂಕದ ಕೊನೆ. ಅಲ್ಲಿ ಅವಳು ದರ್ಭೆಯ ಮೊಳಕೆ ಕಾಲಿಗೆ ಚುಚ್ಚಿತೆಂದೂ ನಾರುಮಡಿ ಗಿಡದ ಕೊಂಬೆಗೆ ಸಿಕ್ಕಿತೆಂದೂ ಹೇಳಿ ತಡೆಯುತ್ತಾಳೆ. ಅದೆಲ್ಲ ನೆವವೆಂಬುದನ್ನು ದುಷ್ಯಂತನು ಎರಡನೆಯ ಅಂಕದಲ್ಲಿ ವಿದೂಷಕನಿಗೆ ಹೇಳಿ ಸಂತೋಷಪಡುತ್ತಾನೆ. ಚಿತ್ರದಲ್ಲಿ ದುಷ್ಯಂತನಿಲ್ಲ. ಅವಳ ನೋಟವು ಚಿತ್ರದ ಕಟ್ಟಿನಾಚೆಗೆ ಹೋಗುತ್ತದೆ. ರಾಜನನ್ನು ಬರೆಯದೆ ರಾಜನಿರುವನೆಂದು ತೋರಿಸಿದ ಈ ಜಾಣ್ಮೆ ಮೆಚ್ಚತಕ್ಕದ್ದು.

ಆದರೆ ಈ ಚಿತ್ರದಲ್ಲಿ ಒಂದು ದೊಡ್ಡ ನಷ್ಟವಾಗಿದೆ, ಅದು ಉಡುಗೆಯದು. ಕಾಳಿದಾಸನ ಶಕುಂತಲೆ ಉಟ್ಟಿರುವುದು ವಲ್ಕಲ. ಒರಟಾದ ಆ ನಾರುಮಡಿಯಲ್ಲಿಯೂ ಅವಳು ಶೋಭಿಸುತ್ತಾಳೆಂಬುದು ರಾಜನ ಮೊದಲ ಬೆರಗು. ಆಶ್ರಮಕ್ಕೂ ಅರಮನೆಗೂ ನಡುವಿನ ಅಂತರವನ್ನು ಕವಿ ಆ ಒಂದು ವಸ್ತ್ರದಲ್ಲಿ ಕಟ್ಟಿಟ್ಟಿದ್ದಾನೆ. ಬಸವಪ್ಪಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದಾಗ ಈ ವಲ್ಕಲವೂ ಅದರೊಡನೆ ಬಂತು. ರವಿವರ್ಮನು ಮಾತ್ರ ಅದನ್ನು ಕಳಚಿ ಸೊಗಸಾದ ಸೀರೆಯನ್ನುಡಿಸಿದ್ದಾನೆ. ಸೀರೆಯುಟ್ಟ ಕೂಡಲೆ ಅವಳು ನಮ್ಮ ನಿಮ್ಮ ಮನೆಯ ಮಗಳಾದಳು. ಪ್ರತಿಯೊಂದು ಚಾವಡಿಯಲ್ಲಿಯೂ ಅವಳಿಗೆ ಜಾಗ ದೊರೆಯಿತು. ಇದು ಚಿತ್ರದ ಗೆಲವು. ಆದರೆ ಅವಳು ಕಾಡಿನ ಮಗಳೆಂಬುದು, ಅರಮನೆಯ ರೀತಿಯನ್ನು ಅರಿಯದವಳೆಂಬುದು ಕಣ್ಣಿಗೆ ಬೀಳದಂತಾಯಿತು. ಐದನೆಯ ಅಂಕದ ದುಃಖಕ್ಕೆ ಬೇಕಾದ ಅಡಿಗಲ್ಲನ್ನು ಚಿತ್ರವು ಹೀಗೆ ಸಡಿಲಿಸಿದೆ. ‘ಶಕುಂತಲಾ ಜನ್ಮ’ದಲ್ಲಿ ಸನ್ನಿವೇಶವು ಕಲ್ಪಿತವಾದರೂ ಅರ್ಥವು ಉಳಿಯಿತು, ಇಲ್ಲಿ ಸನ್ನಿವೇಶವು ಕವಿಯದೇ ಆದರೂ ಅರ್ಥವು ಸೋರಿತು. ಮೂಲಕ್ಕೆ ನಿಷ್ಠೆಯೆಂಬುದು ಎಷ್ಟು ಸೂಕ್ಷ್ಮವಾದ ವಿಷಯವೆಂಬುದು ಈ ಎರಡು ಚಿತ್ರಗಳನ್ನು ಜೊತೆಗಿಟ್ಟು ನೋಡಿದರೆ ತಿಳಿಯುತ್ತದೆ.

ಮೂರನೆಯದು ‘ಶಕುಂತಲಾ ಪತ್ರಲೇಖನ’. 1876ರ ಈ ಚಿತ್ರವನ್ನು ಅಂದಿನ ಮದರಾಸು ಗವರ್ನರರಾಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕರು ಕೊಂಡುಕೊಂಡರು. ಮೋನಿಯರ್ ವಿಲಿಯಮ್ಸರ ಇಂಗ್ಲಿಷ್ ಶಾಕುಂತಲಕ್ಕೆ ಇದು ಮುಖಚಿತ್ರವಾಯಿತು. ಶಕುಂತಲೆಯು ನೆಲದ ಮೇಲೆ ಒರಗಿ ತಾವರೆಯೆಲೆಯ ಮೇಲೆ ಪತ್ರ ಬರೆಯುತ್ತಿದ್ದಾಳೆ; ಸಖಿಯರು ಪಕ್ಕದಲ್ಲಿದ್ದಾರೆ. ಸೋದರಿ ನಿವೇದಿತಾ ಅವರು 1907ರಲ್ಲಿ ಈ ಚಿತ್ರವನ್ನು ಬಲವಾಗಿ ಆಕ್ಷೇಪಿಸಿದರು. ಹೆಣ್ಣುಮಗಳೊಬ್ಬಳು ಹೀಗೆ ನೆಲದ ಮೇಲೆ ಮೈಚಾಚಿ ಬರೆಯುವ ಭಂಗಿಯು ಶೀಲವುಳ್ಳ ಮನೆಗಳಲ್ಲಿ ಇಡತಕ್ಕದ್ದಲ್ಲವೆಂಬುದು ಅವರ ಭಾವ. ಅವರ ದೇಶಭಕ್ತಿಯಲ್ಲಿ ನಮಗೆ ಗೌರವವಿದೆ. ಆದರೆ ಈ ಆಕ್ಷೇಪವು ಚಿತ್ರಕಾರನನ್ನು ದಾಟಿ ಕವಿಗೇ ತಾಗುತ್ತದೆ. ಮೂರನೆಯ ಅಂಕದಲ್ಲಿ ವಿರಹತಾಪದಿಂದ ಬಳಲಿದ ಶಕುಂತಲೆಯನ್ನು ಕಾಳಿದಾಸನು ಹೂ ಹಾಸಿದ ಕಲ್ಲಿನ ಮೇಲೆ ಮಲಗಿಸಿಯೇ ತೋರಿಸುತ್ತಾನೆ. ಬರೆಯಲು ಸಾಧನವಿಲ್ಲವೆಂದಾಗ ಪ್ರಿಯಂವದೆಯು ತಾವರೆಯೆಲೆಯ ಮೇಲೆ ಉಗುರಿನಿಂದ ಬರೆಯೆನ್ನುತ್ತಾಳೆ. ಭಂಗಿಯು ಕವಿಯದು, ಚಿತ್ರಕಾರನು ಅದನ್ನು ಒಪ್ಪಿಕೊಂಡಿದ್ದಾನೆ.

ನಿಜವಾದ ತೊಡಕು ಇರುವುದು ಬೇರೆಡೆಯಲ್ಲಿ. ನಾಟಕದಲ್ಲಿ ಆ ಹೊತ್ತಿಗೆ ದುಷ್ಯಂತನು ಗಿಡಗಳ ಮರೆಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಾನೆ. ಪ್ರೇಕ್ಷಕರು ಅವಳನ್ನೂ ನೋಡುತ್ತಾರೆ, ಅವಳನ್ನು ನೋಡುತ್ತಿರುವ ಅವನನ್ನೂ ನೋಡುತ್ತಾರೆ. ಅವನ ಕಳವಳವನ್ನು ಕಂಡು ನಗುತ್ತಾರೆ. ಚಿತ್ರದಲ್ಲಿ ಅವನಿಲ್ಲ. ಅವನು ನಿಂತಿದ್ದ ಜಾಗದಲ್ಲಿ ನಾವು ನಿಂತಿದ್ದೇವೆ. ಮರೆಯಲ್ಲಿ ನಿಂತು ನೋಡುವವನ ನೋಟವು ಹಾಸ್ಯದ ಬೇಲಿಯಿಲ್ಲದೆ ನೇರವಾಗಿ ನಮ್ಮ ಪಾಲಿಗೆ ಬಂದಿದೆ. ಸೋದರಿ ನಿವೇದಿತಾ ಅವರಿಗೆ ಇರುಸುಮುರುಸಾದದ್ದು ಇದರಿಂದಲೇ ಇರಬಹುದೆಂದು ನಮಗೆ ತೋರುತ್ತದೆ. ಮುಳ್ಳಿನ ಚಿತ್ರದಲ್ಲಿ ರಾಜನನ್ನು ಬಿಟ್ಟದ್ದು ಗುಣವಾಯಿತು, ಏಕೆಂದರೆ ಅಲ್ಲಿ ಶಕುಂತಲೆ ಅವನನ್ನು ನೋಡುತ್ತಿದ್ದಾಳೆ. ಇಲ್ಲಿ ಬಿಟ್ಟದ್ದು ದೋಷವಾಯಿತು, ಏಕೆಂದರೆ ಇಲ್ಲಿ ಅವಳಿಗೆ ಅವನಿರುವುದೇ ತಿಳಿಯದು.

ನಾಲ್ಕನೆಯದಾದ ‘ಹಂಸ-ದಮಯಂತಿ’ಯು ನಮ್ಮ ದೃಷ್ಟಿಯಲ್ಲಿ ಇಡೀ ಪ್ರದರ್ಶನದ ತಿಲಕ. ಕನಕದಾಸರ ‘ನಳಚರಿತ್ರೆ’ಯನ್ನು ಓದಿದ ವಿದ್ಯಾರ್ಥಿಗಳಿಗೆ ಈ ಹಂಸವು ಹಳೆಯ ಗೆಳೆಯ. ವ್ಯಾಸಭಾರತದಲ್ಲಿ ಹಂಸಗಳು ಹೊನ್ನಿನ ರೆಕ್ಕೆಯವು; ಒಂದು ಹಂಸವು ದಮಯಂತಿಯನ್ನು ಸಖಿಯರಿಂದ ದೂರಕ್ಕೆ ಸೆಳೆದೊಯ್ದು ಮನುಷ್ಯವಾಣಿಯಿಂದ ನಳನ ಗುಣವನ್ನು ಹೇಳುತ್ತದೆ. ಕಣ್ಣಿಗೆ ಕಂಡಂತೆ ಬರೆಯುವ ಪದ್ಧತಿಯನ್ನು ಹಿಡಿದವನಿಗೆ ಇದೊಂದು ಕಠಿನ ಪರೀಕ್ಷೆ: ಮಾತನಾಡುವ ಹಕ್ಕಿಯನ್ನು ಬರೆಯುವುದೆಂತು? ಕೊಕ್ಕನ್ನು ತೆರೆಸಿದರೆ ಅದು ಕೂಗುವ ಹಕ್ಕಿಯಾದೀತೇ ಹೊರತು ನುಡಿಯುವ ಹಕ್ಕಿಯಾಗದು. ರವಿವರ್ಮನು ಹಂಸವನ್ನು ಹಂಸವಾಗಿಯೇ ಬಿಟ್ಟು, ಮಾತನ್ನೆಲ್ಲ ದಮಯಂತಿಯ ಆಲಿಸುವಿಕೆಯಲ್ಲಿ ಇರಿಸಿದ್ದಾನೆ. ಅವಳ ನಿಲವು, ತುಸು ಬಾಗಿದ ಮುಖ, ಎಲ್ಲಿಯೂ ನೆಡದ ದೃಷ್ಟಿ ಇವುಗಳಿಂದ ಅವಳು ಏನನ್ನೋ ಕೇಳುತ್ತಿದ್ದಾಳೆಂಬುದು, ಕೇಳಿದ್ದು ಮನಸ್ಸಿಗೆ ನಾಟುತ್ತಿದೆಯೆಂಬುದು ತಿಳಿಯುತ್ತದೆ. ನುಡಿಯನ್ನು ಬರೆಯಲಾಗದಲ್ಲಿ ಕಿವಿಯನ್ನು ಬರೆದ ಈ ಉಪಾಯವು ಕವಿಗಳೂ ಮೆಚ್ಚುವಂಥದು.

ಕೊನೆಯದಾಗಿ ‘ಜಟಾಯುವಧ’. ರಾವಣನು ಒಂದು ಕೈಯಲ್ಲಿ ಸೀತೆಯನ್ನು ಹಿಡಿದು ಇನ್ನೊಂದರಲ್ಲಿ ಕತ್ತಿಯನ್ನು ಎತ್ತಿದ್ದಾನೆ. ಜಟಾಯುವಿನ ರೆಕ್ಕೆ ಕತ್ತರಿಸಿ ಬೀಳುತ್ತಿದೆ. ಸೀತೆಯು ನೋಡಲಾರದೆ ಮುಖವನ್ನು ಮರೆಮಾಡಿಕೊಂಡಿದ್ದಾಳೆ. ವಾಲ್ಮೀಕಿಯ ಅರಣ್ಯಕಾಂಡದಲ್ಲಿ ಇದು ದೀರ್ಘ ಯುದ್ಧ. ಮುದಿಹಕ್ಕಿಯು ಮೊದಲು ಬುದ್ಧಿ ಹೇಳುತ್ತದೆ, ಬಿಲ್ಲನ್ನು ಮುರಿಯುತ್ತದೆ, ರಥವನ್ನು ಪುಡಿಮಾಡುತ್ತದೆ. ಆಮೇಲೆ ಬಳಲಿ ಬೀಳುತ್ತದೆ. ಚಿತ್ರಕ್ಕೆ ದೊರೆತದ್ದು ಸೋಲಿನ ಒಂದು ಕ್ಷಣ ಮಾತ್ರ. ಇದು ಚಿತ್ರಕಾರನ ತಪ್ಪಲ್ಲ. ಚಿತ್ರವೆಂಬ ಮಾಧ್ಯಮದ ಮಿತಿ. ಆದರೆ ಚಿತ್ರವನ್ನಷ್ಟೆ ನೋಡಿದ ಬಾಲಕನಿಗೆ ಜಟಾಯುವು ರೆಕ್ಕೆ ಕಳೆದುಕೊಂಡ ಹಕ್ಕಿ. ಕಾವ್ಯವನ್ನು ಓದಿದವನಿಗೆ ರಾವಣನ ರಥವನ್ನೇ ಮುರಿದ ವೀರ. ಈ ವ್ಯತ್ಯಾಸವನ್ನು ತೋರಿಸಿಕೊಡುವುದು ಉಪಾಧ್ಯಾಯರ ಕೆಲಸ.

ಇಲ್ಲಿ ನಮ್ಮ ನಾಡಿನ ಇನ್ನೊಂದು ಸಂಪತ್ತನ್ನು ನೆನೆಯದಿರಲಾರೆವು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಿಂದ ಪ್ರಸಿದ್ಧವಾದ ರಾಮಾಯಣ ಪ್ರಸಂಗಗಳನ್ನು ಆಟದಲ್ಲಿಯೋ ತಾಳಮದ್ದಳೆಯಲ್ಲಿಯೋ ಕೇಳಿ ಬೆಳೆದ ಮಕ್ಕಳು ನಮ್ಮ ಶಾಲೆಗಳಲ್ಲಿದ್ದಾರೆ. ತೆಂಕುತಿಟ್ಟಿನ ರಾವಣನ ಬಣ್ಣದ ವೇಷವನ್ನು ನೋಡಿದವರು ಯಾರೂ ರಾವಣನ ಮುಖ ನಿಜವಾಗಿ ಹೀಗೆಯೇ ಇತ್ತೆಂದು ತಿಳಿಯುವುದಿಲ್ಲ. ವೇಷವು ತಾನು ವೇಷವೆಂದು ಒಪ್ಪಿಕೊಂಡೇ ರಂಗಕ್ಕೆ ಬರುತ್ತದೆ. ವೇಷಧಾರಿಯು ಬದಲಾದಂತೆ ರಾವಣನೂ ಬದಲಾಗುತ್ತಾನೆ. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ. ಮಾತಿನಿಂದಲೇ ಎಲ್ಲವನ್ನೂ ಕಟ್ಟಬೇಕು, ಕೇಳುವವನೇ ಕಾಣಬೇಕು. ರವಿವರ್ಮನ ಅಚ್ಚುಚಿತ್ರವು ಇದಕ್ಕೆ ತೀರ ವಿರುದ್ಧ. ಅದು ಇದೇ ನಿಜವಾದ ಮುಖವೆನ್ನುತ್ತದೆ. ಸಾವಿರ ಮನೆಗಳಲ್ಲಿ ಒಂದೇ ಮುಖವನ್ನು ತೂಗಹಾಕುತ್ತದೆ. ಆನಂದ ಕುಮಾರಸ್ವಾಮಿಯವರು ಈ ಚಿತ್ರಗಳಲ್ಲಿ ನಾಟಕೀಯತೆ ಹೆಚ್ಚು, ಭಾರತೀಯವಾದ ಧ್ಯಾನ ಕಡಮೆ ಎಂದು ಆಕ್ಷೇಪಿಸಿದ್ದು ಪ್ರಸಿದ್ಧವಾಗಿದೆ. ಹಂಸ-ದಮಯಂತಿಯನ್ನು ನೋಡಿದ ಮೇಲೆ ಆ ಮಾತನ್ನು ಪೂರ್ತಿಯಾಗಿ ಒಪ್ಪಲು ನಮ್ಮಿಂದಾಗದು. ನಮ್ಮ ಆಕ್ಷೇಪ ಬೇರೆ: ಚಿತ್ರವು ಕೆಟ್ಟದ್ದೆಂದಲ್ಲ, ಅದು ಒಂಟಿಯಾಗಿ ಉಳಿಯಿತೆಂದು.

ಆದರೂ ಈ ಅಚ್ಚುಚಿತ್ರಗಳ ಉಪಕಾರವನ್ನು ಮರೆಯುವುದು ಕೃತಘ್ನತೆ. ಸಂಸ್ಕೃತ ಬಾರದವರಿಗೆ, ಓದುಬರಹವೇ ಇಲ್ಲದವರಿಗೆ, ದೇವಾಲಯದ ಬಾಗಿಲು ಮುಚ್ಚಿದ್ದವರಿಗೆ ಕೂಡ ಅವು ಕಾವ್ಯದ ನಾಯಕ ನಾಯಿಕೆಯರನ್ನು ಮನೆಯೊಳಕ್ಕೆ ತಂದುವು. ಚಿತ್ರದ ಸೀರೆಗೆ ಜರಿ ಹೊಲಿದ ಆ ಗೃಹಿಣಿಯು ಕಾಳಿದಾಸನನ್ನು ಓದಿರಲಾರಳು; ಆದರೆ ಶಕುಂತಲೆಯು ಅವಳಿಗೆ ಅನ್ಯಳಾಗಿರಲಿಲ್ಲ. ಎಲ್ಲೆಡೆ ಒಂದೇ ಆಗಿದ್ದ ಅಚ್ಚನ್ನು ಅವಳು ತನ್ನ ಸೂಜಿಯಿಂದ ತನ್ನದನ್ನಾಗಿ ಮಾಡಿಕೊಂಡಳು. ಓದುಗನು ಕಾವ್ಯದೊಡನೆ ಮಾಡಬೇಕಾದ ಕೆಲಸವೂ ಇದೇ ಜಾತಿಯದು.

ಪ್ರದರ್ಶನದ ಏರ್ಪಾಡಿನ ಬಗ್ಗೆ ಒಂದೆರಡು ಸೂಚನೆಗಳು. ಚಿತ್ರಗಳನ್ನು ಗಾತ್ರಕ್ಕೆ ತಕ್ಕಂತೆ ತೂಗಹಾಕಿದ್ದರಿಂದ ಶಕುಂತಲೆಯ ಮೂರು ಚಿತ್ರಗಳು ಮೂರು ಮೂಲೆಗಳಲ್ಲಿದ್ದುವು. ಕಥೆಯ ಕ್ರಮದಲ್ಲಿ ಒಟ್ಟಿಗಿಟ್ಟಿದ್ದರೆ ಮೇಲೆ ಹೇಳಿದ ಹೋಲಿಕೆಗಳು ವಿದ್ಯಾರ್ಥಿಗಳಿಗೆ ತಾವಾಗಿಯೇ ಹೊಳೆಯುತ್ತಿದ್ದುವು. ಕೆಳಗಿನ ಕನ್ನಡ ಚೀಟಿಗಳಲ್ಲಿ ಹೆಸರು ಮಾತ್ರವಿತ್ತು. ಯಾವ ಗ್ರಂಥದ ಯಾವ ಅಂಕ, ಯಾವ ಪರ್ವ, ಯಾವ ಕಾಂಡ ಎಂಬುದನ್ನೂ ಬರೆಯಬೇಕಾಗಿತ್ತು. ಶಾಲೆಯ ಗ್ರಂಥಭಂಡಾರದಲ್ಲಿ ಆ ಪುಸ್ತಕಗಳ ಕನ್ನಡ ರೂಪಗಳಿದ್ದರೆ ಅವನ್ನು ಚಿತ್ರದ ಬಳಿ ಮೇಜಿನ ಮೇಲೆ ತೆರೆದಿಡಬಹುದಾಗಿತ್ತು. ಯಾವ ಚಿತ್ರವನ್ನಾದರೂ ಕೈಯ ಫೋನಿನಲ್ಲಿ ಕ್ಷಣಮಾತ್ರದಲ್ಲಿ ನೋಡಬಹುದಾದ ಇಂದಿನ ಕಾಲದಲ್ಲಿ, ಚಿತ್ರವನ್ನು ತೋರಿಸುವುದಷ್ಟೆ ಪ್ರದರ್ಶನದ ಪ್ರಯೋಜನವಾಗಲಾರದು. ಚಿತ್ರದಿಂದ ಪುಸ್ತಕಕ್ಕೆ ಹೋಗುವ ದಾರಿಯನ್ನು ತೋರಿಸಬೇಕು. ಗಡಿಯ ಈ ಭಾಗದಲ್ಲಿ ಕನ್ನಡ ಪುಸ್ತಕವು ಮಗುವಿನ ಕೈಗೆ ಸೇರುವ ದಾರಿಗಳು ಬಹಳವಿಲ್ಲ. ಇರುವ ಒಂದನ್ನೂ ನಾವು ಬಿಡಬಾರದು.

ಉಪಾಧ್ಯಾಯ ಮಿತ್ರರಲ್ಲಿ ನಮ್ಮ ಬಿನ್ನಹವಿಷ್ಟೆ. ಪಾಠದ ಮೊದಲೇ ಚಿತ್ರವನ್ನು ತೋರಿಸಬೇಡಿರಿ. ಭಾಗವನ್ನು ಓದಿಸಿರಿ, ಹಂಸವು ಹೇಗಿತ್ತು, ದಮಯಂತಿಯು ಎಲ್ಲಿ ನಿಂತಿದ್ದಳು ಎಂಬುದನ್ನು ಮಕ್ಕಳು ತಮ್ಮ ಮಾತಿನಲ್ಲಿ ಹೇಳಲಿ, ಕೈಲಾದವರು ಗೆರೆಯಲ್ಲಿ ಬರೆಯಲಿ. ಆ ಬಳಿಕ ರವಿವರ್ಮನನ್ನು ತರಗತಿಗೆ ಕರೆಯಿರಿ. ಆಗ ಅವನು ಗೋಡೆಯ ಮೇಲಿನ ಒಡೆಯನಾಗಿ ಅಲ್ಲ, ಅದೇ ಕಾವ್ಯವನ್ನು ಓದಿಕೊಂಡು ಬಂದ ಹಿರಿಯ ಸಹಪಾಠಿಯಾಗಿ ಮಕ್ಕಳ ನಡುವೆ ಕುಳಿತುಕೊಳ್ಳುವನು. ಅವನು ಕಂಡದ್ದನ್ನು ಅವರು ಒಪ್ಪಬಹುದು, ಒಪ್ಪದಿರಬಹುದು. ಎರಡರಲ್ಲಿ ಯಾವುದಾದರೂ, ಕಾವ್ಯವನ್ನು ಓದಿದ ಮೇಲಿನ ಮಾತಾಗಿದ್ದರೆ ಸಾಕು.